ಬೂದಿಯ ಹದ

ಮಂಗಳವಾರದ ಬೂದಿ ಶುಕ್ರವಾರದ ಬೂದಿಯಲ್ಲ.
ಚೀಲದ ಬಾಯಿ ಬಿಚ್ಚಿ, ಬೆರಳ ನಡುವೆ ಉಜ್ಜಿ ನೋಡಿ
ನೆವ್ರೆಸಾ ಹೇಳುತ್ತಾಳೆ:
ಇದರಲ್ಲಿ ಸುಣ್ಣ ಜಾಸ್ತಿ,
ಹುಷಾರು.

ತುಜ್ಲಾದ ಚಳಿಗಾಲ. ಕಿಟಕಿಯಾಚೆ ಸ್ಥಾವರದ ಚಿಮಣಿಗಳು
ಊರಿನ ತಲೆಗೆ ಹೊಗೆಯ ಕಂಬಳಿ ಎಳೆಯುತ್ತಿವೆ.
ಬೂದಿ ಮುಚ್ಚಿದ ಕೆಂಡವಲ್ಲ ಇದು,
ಕೆಂಡ ಆರಿ ಎಷ್ಟೋ ಕಾಲ.
ಒಳಗಿರುವುದು ಕಣ್ಣಿಗೆ ಕಾಣದ ಗಾಜಿನ ಗುಂಡುಗಳು,
ಕ್ಷಾರ ಬಂದು ಕದ ತಟ್ಟುವ ತನಕ
ಸುಮ್ಮನೆ ದುಂಡಗೆ ಕೂತಿರುತ್ತವೆ.

ಕ್ಷಾರ ತೆಳುವಾದರೆ ಗುಂಡು ಕರಗದು.
ಕಡುವಾದರೆ, ಮಿಕ್ಕಿದ್ದು ಒಳಗೆ ನಿಲ್ಲಲಾರದೆ
ಎಂದೋ ಒಂದು ದಿನ ಮೈಮೇಲೆ ಬೆಳ್ಳಗೆ ಹೂಬಿಡುತ್ತದೆ.
ನೀರು?
ಸಿಮೆಂಟಿನಲ್ಲಿ ಅದು ಮನೆಯಳಿಯ,
ಇಲ್ಲಿ ಬರೀ ಮದುವೆಯ ದಲ್ಲಾಳಿ:
ಸಿಲಿಕಾವನ್ನು ಅಲ್ಯೂಮಿನಾದ ಪಕ್ಕ ಕೂರಿಸಿ
ಕೈಗೆ ಕೈ ಹಿಡಿಸಿ ಎದ್ದು ಹೋಗುತ್ತದೆ.
ದಲ್ಲಾಳಿಗಳು ಹೆಚ್ಚಾದರೆ
ಅವರು ಎದ್ದುಹೋದ ಜಾಗವೆಲ್ಲ ತೂತು.

ಕಳೆದ ವಾರ ಸುಣ್ಣ ಕೈಕೊಟ್ಟಿತು.
ಅಚ್ಚಿಗೆ ಸುರಿಯುವ ಮೊದಲೇ
ಬಕೆಟ್ಟಿನಲ್ಲೇ ಕಲ್ಲಾಗಿ ಸೌಟನ್ನೂ ಹಿಡಿದುಕೊಂಡಿತು.
ಆತುರಗಾರನಿಗೆ ಬುದ್ಧಿ ಮಟ್ಟ.
ಆ ಸೌಟು ಈಗಲೂ ಗೋಡೆಗೊರಗಿ ನಿಂತಿದೆ,
ಬುಡದಲ್ಲಿ ಬಕೆಟ್ಟಿನ ಆಕಾರದ ಬಂಡೆ.

ಅರವತ್ತು ಡಿಗ್ರಿ, ಒಂದು ಹಗಲು, ಒಂದು ರಾತ್ರಿ.
ಬಾಣಂತಿಗೆ ಹೊದಿಸಿದ ಹಾಗೆ ಸುತ್ತ ಪ್ಲಾಸ್ಟಿಕ್ಕು.
ಹೊದಿಕೆ ಜಾರಿದ ಒಂದೇ ಒಂದು ಅಚ್ಚು
ಬೆಳಗಾಗುವಷ್ಟರಲ್ಲಿ ಬಿರುಕುಬಿಟ್ಟಿತ್ತು.
ಯಂತ್ರ ಒತ್ತುವಾಗ ನೆವ್ರೆಸಾ ಅಂಕಿ ನೋಡುವುದಿಲ್ಲ,
ಕಿವಿ ಕೊಡುತ್ತಾಳೆ.
ಗಟ್ಟಿಯಾದದ್ದು ಕೊನೆಯವರೆಗೆ ಮಾತಾಡುವುದಿಲ್ಲವಂತೆ.

ಮೂವತ್ತೊಂದು ವರ್ಷ ಬೂದಿಯ ಕೊಳವೆ ಕಾದವನು
ಅವಳಪ್ಪ ಶೆಫ್ಕಿಯಾ.
ಮನೆಯ ನೆಲದಡಿಯಿಂದ ಉಪ್ಪುನೀರು ಹೀರಿ ಹೀರಿ
ಅಡುಗೆಮನೆ ವಾಲಿದೆ,
ಮೇಜಿನ ಒಂದು ಕಾಲು ಗಾಳಿಯಲ್ಲಿ.
ಅವಳು ಚೀಲದಿಂದ ಒಂದು ಕಲ್ಲು ತೆಗೆದಳು,
ಪರೀಕ್ಷೆಗೆ ಬಾರದ್ದು, ಹೂಬಿಟ್ಟದ್ದು.

ಅವನು ತಿರುಗಿಸಿ ನೋಡಿದ, ತೂಗಿದ,
ಉಗುರಲ್ಲಿ ಬಿಳಿ ಕೆರೆದು ನಾಲಿಗೆಯತ್ತ ಒಯ್ದ.
ಕೈಗೆ ಪಟ್ಟೆಂದು ಏಟು.
“ಉಪ್ಪಲ್ಲವಾ?”
“ಸೋಡಾ.”
“ಈ ಊರಲ್ಲಿ ಬೆಳ್ಳಗಿದ್ದದ್ದೆಲ್ಲ ಉಪ್ಪೇ ಆಗಿತ್ತು,”
ಎನ್ನುತ್ತ, ಕೆಮ್ಮುತ್ತ, ಬಗ್ಗಿ
ಮೇಜಿನ ಕಾಲಡಿ ತುರುಕಿದ,
ತಾನೇ ಯಾವತ್ತೋ ಹಳ್ಳಕ್ಕೆ ಹರಿಸಿದ್ದಿರಬಹುದಾದ ಬೂದಿಯನ್ನು.

ತುಸು ಎತ್ತರವಾಯಿತು.
ಬಟ್ಟಲಿನ ಕಾಫಿ ಈಗ ಆಚೆ ಬದಿಗೆ ವಾಲುತ್ತದೆ.
“ಇನ್ನೊಂದು ಮಾಡು,” ಎಂದ,
“ಇದಕ್ಕಿಂತ ಗಿಡ್ಡದ್ದು.”