ಮನೆಯಲ್ಲಿ ಮತ್ಯಾರಿದ್ದಾರೆ?

ಫಾರಮ್ಮಿನ ಆರನೆಯ ಪ್ರಶ್ನೆ. ಎರಡೇ ಖಾನೆ:
ಒಂಟಿ. ಜೊತೆಗೆ.
ಗ್ರಿಮ್ಸ್‌ಬಿಯ ಮೀನುಬಂದರಿನ ಹಿಂದಿನ ಬೀದಿಗಳಲ್ಲಿ
ಹನ್ನೊಂದು ವರ್ಷದಿಂದ ಲಕ್ವ ಹೊಡೆದ ಮನೆಗಳ ಬಾಗಿಲು ತಟ್ಟಿದ್ದೇನೆ;
ಗುರುತು ಹಾಕಲು ಒಂದು ಚಣವೂ ಬೇಡ.

ಕೆನ್ ಸ್ಟ್ಯಾಂಪನ ಮನೆಯಲ್ಲಿ ರೀಟಾ ಇದ್ದಾಳೆ.
ಕೈಹಿಡಿದವಳು, ಬಿಟ್ಟೇ ಇಲ್ಲ:
ಗುಂಡಿ ಹಾಕುವವಳು ಅವಳು, ಟೋಸ್ಟಿಗೆ ಬೆಣ್ಣೆ ಸವರುವವಳು ಅವಳು,
ನಾನು ಅವನನ್ನು ಕೇಳಿದ್ದಕ್ಕೆ ಉತ್ತರವೂ ಅವಳದೇ.
ಅವನ ಬಲಗೈ ತೊಡೆಯ ಮೇಲೆ
ಮದುವೆಮನೆಯ ಬೀಗರ ಹಾಗೆ ಕೂತಿದೆ.
ಎಲ್ಲ ಕೂತಲ್ಲಿಗೇ ಬರುವಾಗ ಏಳುವುದೇಕೆ?
'ಸ್ವಲ್ಪ ಅವರೇ ಮಾಡಲಿ' ಅಂದೆ.
'ಮಾಡ್ತಾರೆ, ಮಾಡ್ತಾರೆ' ಎನ್ನುತ್ತ ಅವನ ಮೂಗು ಒರೆಸಿದಳು.

ಮೇವಿಸ್ ಫ್ರೋಳದೂ ಅದೇ ಖಾನೆ: ಜೊತೆಗೆ.
ಮೊನ್ನೆಗೆ ಆರು ವಾರ. ಎಡಗೈ ಕೈಕೊಟ್ಟಿದೆ.
ಆಲೂಗಡ್ಡೆಯನ್ನು ಸಿಂಕಿನ ಮೂಲೆಗೆ ಒತ್ತಿ
ಒಂದೇ ಕೈಯಲ್ಲಿ ಸಿಪ್ಪೆ ತೆಗೆಯುತ್ತಿದ್ದಳು,
ಹನ್ನೆರಡಕ್ಕೆ ಅವನ ಊಟ.
ಕೈಹಿಡಿದವನು ಒಳಗಿನಿಂದ ಕೂಗಿದ:
'ನೋಡಮ್ಮ, ಇವಳು ಮೊದಲಿನ ಹಾಗೇ ಆಗಿಬಿಟ್ಟಳು!'
ಬೆರಳಿನ ವ್ಯಾಯಾಮ ಯಾವಾಗ ಮಾಡ್ತೀರಿ ಅಂದರೆ
'ಪಾತ್ರೆ ತೊಳೆದಾದ ಮೇಲೆ.'

ಮೂರನೇ ಮಹಡಿಯ ಡೋರೀನ್ ಬ್ಲಾಂಚರ್ಡ್: ಒಂಟಿ.
ಅದು ಅಪಾಯದ ಖಾನೆ, ಆಫೀಸಿನಲ್ಲಿ ಕೆಂಪು ಚೀಟಿ.
ಮೂವತ್ತು ವರ್ಷ ಹ್ಯಾಡಕ್ ಕೊಯ್ದ ಕೈ.
ಕಾರ್ಡಿಗನ್ನಿನ ಐದು ಗುಂಡಿಗೆ ನಲವತ್ತು ನಿಮಿಷ,
ರೇಡಿಯೊದಲ್ಲಿ ಹಡಗುಗಳಿಗೆ ಹವಾಮಾನ ಹೇಳಿ ಮುಗಿದು
ಸುದ್ದಿಯೂ ಮುಗಿಯಬೇಕು.
ಕೆಟಲಿಗೆ ಬೈಯುತ್ತಾಳೆ. ನಾಲಿಗೆ ಮತ್ತೆ ತಿರುಗಿದ್ದೇ ಹಾಗೆ.
ಏಪ್ರಿಲ್‌ನಲ್ಲಿ ಬಾಗಿಲು ತೆರೆದಾಗ
ಐದೂ ಗುಂಡಿ ಹಾಕಿಕೊಂಡಿದ್ದಳು,
ಚಿಲಕ ಸರಿಸಿದ್ದೂ ಆ ಕೈಯಲ್ಲೇ.

ಇಲ್ಲಿಗೇ ನಿಂತಿದ್ದರೆ ನೀತಿಪಾಠವಾಗುತ್ತಿತ್ತು.
ಮೇ ತಿಂಗಳ ಒಂದು ರಾತ್ರಿ ಬಚ್ಚಲ ಹೊಸ್ತಿಲಲ್ಲಿ ಬಿದ್ದಳು.
ಹದಿನಾಲ್ಕು ಗಂಟೆ.
ಕೂಗಿದ್ದು ಕೆಟಲಿಗೆ ಮಾತ್ರ ಕೇಳಿಸಿತು.

ಕಾರಿನೊಳಗೆ ಕೂತು ಫಾರಮ್ ತುಂಬುತ್ತೇನೆ.
ಯಾರು ಯಾರಿಗೆ ಟೀ ಮಾಡಿಕೊಡುತ್ತಾರೆ ಎಂಬುದಕ್ಕೆ ಖಾನೆಯಿಲ್ಲ.
ಅಂಚಿನಲ್ಲಿ ಬರೆದೆ. ಕಂಪ್ಯೂಟರು ಅಂಚನ್ನು ಓದುವುದಿಲ್ಲ.

ಫೋನು ಗುಂಯ್‌ಗುಟ್ಟಿತು. ನಮ್ಮನೆಯವರು:
'ರಾತ್ರಿಗೇನು?'

ಬಲಗೈಯನ್ನು ತೊಡೆಯ ಕೆಳಗೆ ಅದುಮಿಟ್ಟು
ಎಡಗೈಯಲ್ಲಿ ಕೋಟಿನ ಗುಂಡಿ ಹುಡುಕುತ್ತಿದ್ದೇನೆ.
ಗಾಜು ಮಂಜುಗಟ್ಟುತ್ತಿದೆ.
ಮೊದಲನೆಯದೇ ಇನ್ನೂ ಸಿಕ್ಕಿಲ್ಲ.