ಮಹಾಸಂಗಮ: ಒಂದು ಮಹಜರು

ದಿನಾಂಕ: ಮೊನ್ನೆ ಭಾನುವಾರ. ಸಮಯ: ರಾತ್ರಿ ಎಂಟರಿಂದ ಒಂಬತ್ತೂವರೆ.
ಸ್ಥಳ: ಮಂಡ್ಯ, ಸ್ವರ್ಣಸಂದ್ರ, ನಮ್ಮ ಮನೆಯ ನಡುಕೋಣೆ.
ಪಂಚರು: ಹೆಂಡತಿ ಪ್ರೇಮಲೀಲಾ, ಎದುರುಮನೆ ಟೈಲರ್ ಮುಸ್ತಾಕ್.
ಬರೆದವನು ನಾನು, ಮೂವತ್ತೊಂದು ವರ್ಷ ಠಾಣೆಯಲ್ಲಿ ರೈಟರ್.
ಹೆಸರಿಗೆ ರೈಟರ್. ಬರೆದದ್ದೆಲ್ಲ ಬೇರೆಯವರ ಹೇಳಿಕೆ.

ಎರಡು ಧಾರಾವಾಹಿ, ಒಂದೇ ರಾತ್ರಿ.
ಏಳೂವರೆಯ ಇನ್‌ಸ್ಪೆಕ್ಟರ್ ಕಾತ್ಯಾಯಿನಿ,
ಒಂಬತ್ತರ ಎಸಿಪಿ ಸಮರಜಿತ್.
ವಾರವೆಲ್ಲ ಜೀಪಿನ ಮೇಲೆ ಜೀಪು ಹಾರಿಸಿ
ಮಹಾಸಂಗಮ ಮಹಾಸಂಗಮ ಅಂತ ಕೂಗಿದರು.
ಸಂಗಮ ಅಂದರೆ ನಮಗೆ ಪಟ್ಟಣದ ಆಚೆ ಬೂದಿ ಬಿಡೋ ಜಾಗ
ಅಂದೆ. ಸುಮ್ನೆ ನೋಡ್ರೀ ಅಂದಳು.

ನೋಡಿದೆ. ಕಂಡದ್ದನ್ನು ಕಂಡ ಹಾಗೆ ದಾಖಲಿಸುತ್ತೇನೆ.

ಪೇದೆಗಳಿಗೆ ಹೆಸರಿಲ್ಲ.
ಇಸ್ತ್ರಿಯ ಗೆರೆ ಮಾತ್ರ ಕತ್ತಿ ಹಾಗಿದೆ
(ಮುಸ್ತಾಕನ ಹೇಳಿಕೆ: ತೋಳು ಒಂದಿಂಚು ಗಿಡ್ಡ).
ಹೆಣದ ರೆಪ್ಪೆ ಎರಡು ಸಲ ಅದುರಿತು.
ಟೀ ಯಾರೂ ತರಿಸಲಿಲ್ಲ.
ಲಾಕಪ್ಪಿನ ಗೋಡೆಯಲ್ಲಿ ಉಗುರಿನ ಗೀಚಿಲ್ಲ, ಎಲೆಯಡಿಕೆ ಕಲೆಯಿಲ್ಲ.
ಇಡೀ ತೊಂಬತ್ತು ನಿಮಿಷದಲ್ಲಿ
ಒಂದು ಕಡೆಯೂ
ಪೆನ್ನು ಕಾಣಲಿಲ್ಲ.

ಆಮೇಲೆ ಆ ಸೀನು.
ಸೇತುವೆ ಕೆಳಗೆ ಹೆಣ, ಆಚೆ ಅವನು, ಈಚೆ ಅವಳು.
ಈ ಕೇಸು ನನ್ನದು ಅಂದ.
ಅವಳು ಟೋಪಿ ತೆಗೆದು ಕಂಕುಳಲ್ಲಿಟ್ಟು, ನನ್ನ ಸರಹದ್ದು,
ಈಕೆ ನನ್ನವಳು ಅಂದಳು.
ಮೂರು ಸಲ ಗುಡುಗು, ಮೂರು ಸಲ ಅವಳ ಮುಖ.
ಮುಸ್ತಾಕ್ ಕಿಸಕ್ಕನೆ ನಕ್ಕ.
ನಾನು ನೀರು ಕುಡಿಯಲು ಎದ್ದೆ.

ವಿ.ಸಿ. ನಾಲೆ. ಕಬ್ಬು ಅರೆಯುವ ಕಾಲ, ಬೆಳಗಿನ ಮಂಜು,
ಗಾಳಿಯಲ್ಲಿ ಬೆಲ್ಲ ಸೀದ ವಾಸನೆ.
ಸೇತುವೆಯ ನಡುಗಂಬಕ್ಕೆ ಒಬ್ಬಳು ಸಿಕ್ಕಿಕೊಂಡಿದ್ದಳು, ಬೋರಲಾಗಿ.
ಕಂಬದ ಆಚೆ ಅವರ ಠಾಣೆ, ಈಚೆ ನಮ್ಮದು.
ಅವರು ಮೊದಲು ಬಂದಿದ್ದರು. ಕೈಯಲ್ಲಿ ಬಿದಿರಿನ ಗಳ.
ಮೆಲ್ಲಗೆ, ಎಮ್ಮೆ ಎಬ್ಬಿಸುವ ಹಾಗೆ, ತಿವಿದರು.
ತೇಲಿ ಈಚೆ ಬಂದಳು.
ನಮ್ಮ ಸಾಹೇಬರು ನನ್ನ ಮುಖ ನೋಡಿದರು.
ಬಾಯಿಬಿಟ್ಟು ಏನೂ ಹೇಳಲಿಲ್ಲ, ಅದು ಅವರ ಹೇಳಿಕೆ.
ದಡದ ಮನೆಯಿಂದ ಒಂದು ಗಳ ಇಸಕೊಂಡು ಬಂದೆ.

ಮೂರು ಸಲ ದಾಟಿದಳು.
ಒಬ್ಬರೂ ನನ್ನವಳು ಅನ್ನಲಿಲ್ಲ.
ಗುಡುಗಲಿಲ್ಲ. ಗದ್ದೆಯಲ್ಲಿ ಕೊಕ್ಕರೆ ತನ್ನ ಕೆಲಸ ತಾನು ನೋಡಿಕೊಳ್ಳುತ್ತಿತ್ತು.
ಕೊನೆಗೆ ಎಮ್ಮೆ ತೊಳೆಯಲು ಬಂದ ಹುಡುಗನೊಬ್ಬ
ಚಡ್ಡಿಯಲ್ಲೇ ಧುಮುಕಿ, ಜಡೆ ಹಿಡಿದು, ಎಳೆದು ಹಾಕಿದ.
ಹಾಕಿದ ದಡ ನಮ್ಮದಾಯಿತು.
ಹಾಗಾಗಿ ಬರೆದೆ:
ಅಪರಿಚಿತ ಹೆಂಗಸು. ಪ್ರಾಯ ಸುಮಾರು ಮೂವತ್ತು.
ಕಾಲುಂಗುರ ಎಡಗಾಲಿನಲ್ಲಿ ಮಾತ್ರ.
ಸೆರಗಿನ ಗಂಟಿನಲ್ಲಿ ಎಂಟು ರೂಪಾಯಿ, ಒಂದು ಬಸ್ ಟಿಕೀಟು,
ಊರಿನ ಹೆಸರು ನೀರಿಗೆ ಅಳಿಸಿರುತ್ತದೆ.
ಅಕ್ಷರ ಚೆನ್ನಾಗಿದೆ ಅಂದರು ಸಾಹೇಬರು.
ಯಾರೂ ಹುಡುಕಿಕೊಂಡು ಬರಲಿಲ್ಲ.

ನೀರು ಕುಡಿದು ಬಂದಾಗ ಕೇಸು ಮುಗಿದಿತ್ತು.
ಕೊಂದವನ ಅವಳಿ ತಮ್ಮನೇ ಕೊಂದವನಂತೆ.
ಇಬ್ಬರು ಅಧಿಕಾರಿಗಳೂ ಒಬ್ಬರಿಗೊಬ್ಬರು ಸೆಲ್ಯೂಟ್ ಹೊಡೆದರು,
ಪ್ರೇಮಲೀಲಾ ಕಣ್ಣೊರೆಸಿಕೊಂಡಳು, ಸೋಪಿನ ಜಾಹೀರಾತು ಬಂತು.

ಎಷ್ಟು ಸ್ಟಾರ್ ಕೊಡ್ತೀರಿ ರೈಟ್ರೆ, ಅಂದ ಮುಸ್ತಾಕ್.
ಬರೆದುಕೋ ಅಂದೆ.
ಕತೆಗೆ ಸೊನ್ನೆ. ಅವಳಿಗಂತೂ ಸೊನ್ನೆಗಿಂತ ಕಡಿಮೆ, ಅವಳಿ ತಮ್ಮನಿಗೆ.
ಆ ಹುಡುಗಿಗೆ, ಕಾತ್ಯಾಯಿನಿಗೆ,
ಹೆಣದ ಮುಂದೆ ನಿಂತು ನನ್ನವಳು ಅಂದಳಲ್ಲ,
ಸುಳ್ಳೇ ಇರಲಿ,
ಹೆಗಲ ಮೇಲಿನ ಮೂರೂ ಅವಳಿಗೇ ಇರಲಿ.

ಸದರಿ ಮಹಜರನ್ನು ಪಂಚರ ಸಮಕ್ಷಮ ಓದಿ ಹೇಳಲಾಯಿತು.
ಮುಸ್ತಾಕ್ ಸರಿಯಿದೆ ಎಂದು ಸಹಿ ಹಾಕಿದ, ಮನೆಗೆ ಹೋದ.
ಪ್ರೇಮಲೀಲಾ ಪೆನ್ನು ಹಿಡಿದವಳು
ಹಾಗೇ ಕೂತಳು ಸ್ವಲ್ಪ ಹೊತ್ತು.

ಯಾವ ಗಳ, ಅಂದಳು.