ನಲವತ್ತೆರಡನೆಯ ಸಾಲು

ಎಸ್ತೋನಿಯಾದ ತಾರ್ತುವಿನಲ್ಲಿ ಮಧ್ಯಾಹ್ನ ಮೂರೂವರೆಗೇ ಕತ್ತಲು.
ಮಾಲ್ಲೆ ದೀಪ ಹಾಕಿಲ್ಲ, ಪರದೆಯ ಬೆಳಕೇ ಸಾಕು.
ಹೊಸ ಆವೃತ್ತಿ ಇಳಿಸಿಕೊಂಡದ್ದು ಇದು ಮೂರನೇ ಸಲ.
ಪುಕ್ಕಟೆ ತಂತ್ರಾಂಶ, ಪುಕ್ಕಟೆ ದುಡಿಮೆ;
ಕಾಫಿ ಮಾತ್ರ ಕೊಂಡದ್ದು.

ದೂರು ಬಂದದ್ದು ಚರ್ಚೊಂದರ ಕಚೇರಿಯಿಂದ:
ತೀರಿಕೊಂಡವರ ಪಟ್ಟಿ ಅಚ್ಚು ಹಾಕಿದರೆ
ನಲವತ್ತೆರಡನೆಯವನು ಬರುವುದೇ ಇಲ್ಲ.
ಪುಟದ ಅಂಚಿಗೆ ಸರಿಯಾಗಿ ಬಿದ್ದ ಸಾಲು.
ಆನೆ ದಾಟಿತ್ತು, ಬಾಲ ಸಿಕ್ಕಿಕೊಂಡಿತ್ತು.

ಹಂಗೇರಿಯ ಝೊಂಬೊರ್, ಇವಳು ಮುಖ ನೋಡಿದವನಲ್ಲ,
ಹನ್ನೊಂದು ರಾತ್ರಿ ಹುಡುಕಿ ಬದಲಿಸಿದ್ದು ಇಷ್ಟೇ:
'ಕಡಿಮೆ' ಎಂದಿದ್ದಲ್ಲಿ
'ಕಡಿಮೆ ಅಥವಾ ಸಮ'.

ಪ್ರಿಂಟರು ಕೆಮ್ಮಿತು.
ನಲವತ್ತು, ನಲವತ್ತೊಂದು,
ಬಂದ!
ಎಲ್ಮಾರ್ ರೈದ್‌ಮೆತ್ಸ್, ದೋಣಿ ಕಟ್ಟುವವನು.
ಕಾಗದ ಇನ್ನೂ ಬೆಚ್ಚಗಿತ್ತು.

ಅವನ ಬೆನ್ನಿಗೇ ಇನ್ನೊಂದು ಹಾಳೆ,
ಪೂರಾ ಖಾಲಿ.
ಯಾರಿಗೆ ಜಾಗ ಹಿಡಿದಿದೆಯೋ ಇದು ಎಂದು
ಒಂದು ಗಳಿಗೆ ಕೈಯಲ್ಲೇ ಇಟ್ಟುಕೊಂಡಳು.

ಆಮೇಲೆ ಬರೆದಳು:
'ಸಾಲು ಬಂತು. ಜೊತೆಗೊಂದು ಖಾಲಿ ಪುಟವೂ ಬಂತು.
ತಡೆಯುವಂಥದ್ದಲ್ಲ, ಬೇರೆ ದೂರು ಹಾಕಿದ್ದೇನೆ.
ಗುರುವಾರ ಬಿಡುಗಡೆ ಮಾಡಿ.'

ಆ ಹಾಳೆಯ ಮೇಲೆ ಪೆನ್ಸಿಲಿನಲ್ಲಿ:
ಹಾಲು, ರೈ ಬ್ರೆಡ್ಡು,
ಪ್ರಿಂಟರಿಗೆ ಮಸಿ.